ತಂತ್ರಾಂಶ ಅಭಿವೃದ್ಧಿ ಕಿಟ್: ಅವಲಂಬನೆ ಹಾಗೂ ಪರಿಕರಗಳ ನಿರ್ವಹಣೆ
ಸಣ್ಣ ತಯಾರಕರಿಗೆ ಹಾಗೂ ವರ್ತಕರಿಗೆ ಒಂದು ಅಧ್ಯಯನ ಪಾಠ

ಪೀಠಿಕೆ

ಪೀಣ್ಯ, ಯಶವಂತಪುರ, ಯಲಹಂಕ ಭಾಗದ ಸಣ್ಣ ಕೈಗಾರಿಕೆಗಳಲ್ಲಿ ತಯಾರಾಗುವ ಸರಕಿನ ಸ್ವರೂಪ ಬದಲಾಗಿದೆ. ಒಂದು ಕಾಲಕ್ಕೆ ಉಕ್ಕು, ತಾಮ್ರ, ಪ್ಲಾಸ್ಟಿಕ್‌ಗಳಿಂದಲೇ ಪೂರ್ಣಗೊಳ್ಳುತ್ತಿದ್ದ ತೂಕದ ಯಂತ್ರ, ವಿದ್ಯುತ್ ಮಾಪಕ, ತಾಪಮಾನ ನಿಯಂತ್ರಕ ಮೊದಲಾದವುಗಳ ಒಳಗೆ ಇಂದು ತಂತ್ರಾಂಶವೂ ಇದೆ. ಗ್ರಾಹಕನು ಯಂತ್ರವನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಅದನ್ನು ತನ್ನ ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶಕ್ಕೆ ಜೋಡಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನೂ ಕೇಳುತ್ತಾನೆ. ಈ ಸಾಮಗ್ರಿಗೆ ತಂತ್ರಾಂಶ ಅಭಿವೃದ್ಧಿ ಕಿಟ್ ಅಥವಾ ಸಂಕ್ಷಿಪ್ತವಾಗಿ ಎಸ್‌ಡಿಕೆ ಎಂದು ಹೆಸರು. ಯಂತ್ರದೊಡನೆ ಮಾತನಾಡುವ ಲೈಬ್ರರಿ, ಬಳಕೆಯ ಕೈಪಿಡಿ, ಮಾದರಿ ಪ್ರೋಗ್ರಾಂಗಳು ಹಾಗೂ ಪರೀಕ್ಷಾ ಪರಿಕರ ಇವಿಷ್ಟೂ ಸೇರಿದರೆ ಒಂದು ಕಿಟ್ ಆಗುತ್ತದೆ.

ಪ್ರೋಗ್ರಾಂ ಬರೆಯುವುದನ್ನು ಕಲಿಸುವುದು ಈ ಲೇಖನದ ಉದ್ದೇಶವಲ್ಲ. ಆ ಕೆಲಸಕ್ಕೆ ಎಂಜಿನಿಯರರಿದ್ದಾರೆ. ಆದರೆ ಕಿಟ್ಟಿನೊಳಗೆ ಯಾರ ಯಾರ ಸರಕು ಸೇರಿದೆ, ಅದನ್ನು ಯಾವ ಪರಿಕರದಿಂದ ಕಟ್ಟಲಾಗಿದೆ, ಐದು ವರ್ಷಗಳ ಅನಂತರ ಅದನ್ನು ಪುನಃ ಕಟ್ಟಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಉದ್ಯಮದ ಒಡೆಯರೇ. ಏಕೆಂದರೆ ಎಂಜಿನಿಯರು ಕೆಲಸ ಬದಲಿಸಬಹುದು. ಸರಕಿನ ಮೇಲಿರುವ ಹೆಸರು ಬದಲಾಗುವುದಿಲ್ಲ.

ಅವಲಂಬನೆ ಎಂದರೇನು?

ಇದನ್ನು ಕನ್ನಡಿಗರಿಗೆ ಬಹಳ ವಿವರಿಸಬೇಕಾಗಿಲ್ಲ. ಹಳೆಯ ಸಂಕೇತ ಪದ್ಧತಿಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು, ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಏನಾಗುತ್ತದೆಂದು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಕಡತ ಹಾಳಾಗಿಲ್ಲ, ಯಂತ್ರವೂ ಕೆಟ್ಟಿಲ್ಲ. ಕಡತವು ಯಾವುದರ ಮೇಲೆ ನಿಂತಿತ್ತೋ ಅದು ಅಲ್ಲಿ ಇಲ್ಲ, ಅಷ್ಟೇ. ಯೂನಿಕೋಡ್ ಶಿಷ್ಟತೆ ಬಳಕೆಗೆ ಬಂದ ಮೇಲೆ ಈ ತೊಂದರೆ ತಗ್ಗಿತಾದರೂ ಹಳೆಯ ಕಡತಗಳನ್ನು ಪರಿವರ್ತಿಸುವ ಶ್ರಮ ಉಳಿದೇ ಇತ್ತು. ಹೀಗೆ ಒಂದು ತಂತ್ರಾಂಶ ಕೆಲಸ ಮಾಡಲು ಹೊರಗಿನಿಂದ ಬರಬೇಕಾದ ಪ್ರತಿಯೊಂದು ವಸ್ತುವೂ ಒಂದು ಅವಲಂಬನೆ.

ಯಲಹಂಕದ ಒಬ್ಬ ತಯಾರಕರು ವಿದ್ಯುನ್ಮಾನ ತೂಕದ ಯಂತ್ರ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ಯಶವಂತಪುರದ ಎಪಿಎಂಸಿ ಪ್ರಾಂಗಣದ ಮಂಡಿಯೊಂದರಲ್ಲಿ ಈರುಳ್ಳಿ ಮೂಟೆ ತೂಗಿದೊಡನೆ ತೂಕವು ನೇರವಾಗಿ ಬಿಲ್ಲಿಗೆ ಹೋಗಬೇಕು. ಅದಕ್ಕಾಗಿ ತಯಾರಕರು ಬಿಲ್ಲಿಂಗ್ ತಂತ್ರಾಂಶದವರಿಗೆ ಒಂದು ಎಸ್‌ಡಿಕೆ ಕೊಡುತ್ತಾರೆ. ಅದರೊಳಗೆ ಸೀರಿಯಲ್ ಪೋರ್ಟ್ ಓದುವ ಲೈಬ್ರರಿ ಒಬ್ಬರದು, ದತ್ತಾಂಶವನ್ನು ಜೋಡಿಸುವ ಲೈಬ್ರರಿ ಇನ್ನೊಬ್ಬರದು, ದಿನಚರಿ ದಾಖಲಿಸುವುದು ಮತ್ತೊಬ್ಬರದು, ಗೂಢಲಿಪಿಯದು ಮಗದೊಬ್ಬರದು. ಇವು ನಾಲ್ಕೂ ತಮ್ಮ ತಮ್ಮ ಕೆಳಗೆ ಬೇರೆ ಲೈಬ್ರರಿಗಳನ್ನು ಇಟ್ಟುಕೊಂಡಿರುತ್ತವೆ. ನಾಲ್ಕನ್ನು ತಂದೆವೆಂದು ತಯಾರಕರು ಭಾವಿಸಿದರೂ ಕೋಠಿಗೆ ಬಂದಿರುವುದು ನಲವತ್ತಾಗಿರಬಹುದು. ಉಪಗುತ್ತಿಗೆದಾರನ ಉಪಗುತ್ತಿಗೆದಾರನನ್ನು ನಾವು ನೋಡಿರುವುದಿಲ್ಲ. ಆದರೆ ಅವನ ತಪ್ಪಿಗೆ ಮಂಡಿಯಲ್ಲಿ ತೂಕ ನಿಂತರೆ ದೂರವಾಣಿ ಕರೆ ಬರುವುದು ನಮಗೇ.

ಪರಿಕರಗಳೂ ಅವಲಂಬನೆಯೇ

ಲೈಬ್ರರಿಗಳು ಕಚ್ಚಾ ಸಾಮಗ್ರಿಯಾದರೆ ಕಂಪೈಲರ್, ಕಟ್ಟುವ ಸ್ಕ್ರಿಪ್ಟ್, ಪರೀಕ್ಷಾ ತಂತ್ರಾಂಶ ಮೊದಲಾದವು ಯಂತ್ರೋಪಕರಣಗಳು. ಒಂದೇ ಮೂಲ ಬರಹವನ್ನು ಎರಡು ಬೇರೆ ಆವೃತ್ತಿಯ ಕಂಪೈಲರ್‌ಗಳಿಗೆ ಕೊಟ್ಟರೆ ಹೊರಬರುವ ಸರಕು ಒಂದೇ ಆಗಿರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್‌ಗಳನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಷನ್‌ಗೆ ಕಳುಹಿಸುವುದು ನಮಗೆ ಹೊಸತಲ್ಲ. ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯ ಹೆಸರು ಈ ಭಾಗದ ಉದ್ಯಮಿಗಳಿಗೆ ಚಿರಪರಿಚಿತ. ಅಳತೆಯ ಉಪಕರಣದ ಪ್ರಮಾಣಪತ್ರವನ್ನು ಫೈಲಿನಲ್ಲಿಡುವ ನಾವು, ತಂತ್ರಾಂಶವನ್ನು ಯಾವ ಕಂಪೈಲರ್‌ನ ಯಾವ ಆವೃತ್ತಿಯಲ್ಲಿ ಕಟ್ಟಿದೆವೆಂಬುದನ್ನು ಬರೆದಿಡುವುದಿಲ್ಲ. ದೋಷ ಅಲ್ಲಿಂದಲೇ ಆರಂಭವಾಗುತ್ತದೆ.

ನೆರೆಯ ಪಾಠ: ಸಿಂಪ್ಯೂಟರ್

ಯಂತ್ರ, ತಂತ್ರಾಂಶ, ಪರಿಕರ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕಾದ ಪ್ರಯತ್ನವೊಂದು ಬೆಂಗಳೂರಿನಲ್ಲಿಯೇ ನಡೆದಿತ್ತು. 1999ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. ಸರಳ, ಅಗ್ಗದ, ಬಹುಭಾಷೆಯ ಜನಸಾಮಾನ್ಯರ ಗಣಕಯಂತ್ರ ಅವರ ಗುರಿಯಾಗಿತ್ತು. 2001ರಲ್ಲಿ ಮಾದರಿ ಯಂತ್ರ ಹೊರಬಂದಿತು. 2004ರಲ್ಲಿ ಪಿಕೋಪೆಟಾ ಸಂಸ್ಥೆಯ ‘ಅಮಿದಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂದಿತು. ಅದನ್ನು ತಯಾರಿಸಿದ್ದು ಯಶವಂತಪುರಕ್ಕೆ ಕೂಗಳತೆಯ ಜಾಲಹಳ್ಳಿಯಲ್ಲಿ ಕಾರ್ಖಾನೆಯಿರುವ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್.

ಈ ಯಂತ್ರ ನಿಂತಿದ್ದ ಆಧಾರಗಳನ್ನು ಗಮನಿಸಿ. ಅದರ ಪ್ರೊಸೆಸರ್ ಸ್ಟ್ರಾಂಗ್‌ಆರ್ಮ್ ಶ್ರೇಣಿಯದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆರಂಭಿಸಿದ ಈ ಶ್ರೇಣಿ 1998ರಲ್ಲಿ ಇಂಟೆಲ್ ಕೈಗೆ ಬಂದಿತು. ಇಂಟೆಲ್ ಅದರ ಸ್ಥಾನದಲ್ಲಿ ಎಕ್ಸ್‌ಸ್ಕೇಲ್ ಎಂಬ ಹೊಸ ಶ್ರೇಣಿಯನ್ನು ತಂದಿತು. 2006ರಲ್ಲಿ ಆ ವ್ಯವಹಾರವನ್ನೇ ಮಾರ್ವೆಲ್ ಸಂಸ್ಥೆಗೆ ಮಾರಿತು. ಎಂಟು ವರ್ಷಗಳ ಅವಧಿಯಲ್ಲಿ ಮೂರು ಮಾಲೀಕರು! ಇಂತಹ ಪ್ರೊಸೆಸರ್‌ಗೆ ಪ್ರೋಗ್ರಾಂ ಬರೆಯುವವರು ಸಾಮಾನ್ಯ ಗಣಕಯಂತ್ರದ ಮೇಲೆ ಕುಳಿತು ಬೇರೆಯೊಂದು ಪ್ರೊಸೆಸರ್‌ಗೆ ಸಲ್ಲುವ ಸರಕನ್ನು ಹೊರತರುವ ‘ಕ್ರಾಸ್ ಕಂಪೈಲರ್’ ಬಳಸಬೇಕು. ಕಂಪೈಲರ್, ಸಿ ಲೈಬ್ರರಿ ಹಾಗೂ ಯಂತ್ರದೊಳಗಿನ ಲಿನಕ್ಸ್ ಆವೃತ್ತಿ ಇವು ಮೂರೂ ಒಂದಕ್ಕೊಂದು ಹೊಂದದಿದ್ದರೆ ಪ್ರೋಗ್ರಾಂ ತೆರೆಯುವುದೇ ಇಲ್ಲ.

ಸಿಂಪ್ಯೂಟರ್ ರೂಪಿಸಿದವರು ಇದಕ್ಕೊಂದು ವಿವೇಕದ ಉಪಾಯ ಕಂಡುಕೊಂಡಿದ್ದರು. ಐಎಂಎಲ್ ಎಂಬ ಗುರುತು ಭಾಷೆಯನ್ನು ಅವರೇ ಸಿದ್ಧಪಡಿಸಿದರು. ಅದರಲ್ಲಿ ಬರೆದ ಮಾಹಿತಿ ಪುಟಗಳಿಗೆ ಪ್ರೊಸೆಸರ್‌ನ ಹಂಗಿಲ್ಲ. ಆ ಭಾಷೆ ಬಲ್ಲ ಬ್ರೌಸರ್ ಇದ್ದರೆ ಸಾಕು. ಹೊರಗಿನವರು ಬರೆಯುವ ಸರಕು ಹಾಗೂ ಒಳಗಿನ ಯಂತ್ರದ ನಡುವೆ ತಮ್ಮದೇ ಒಂದು ಹೊಸ್ತಿಲನ್ನು ಇಟ್ಟಂತಾಯಿತು. ಹಾಗೆಯೇ ಭಾರತೀಯ ಭಾಷೆಗಳ ಬರಹವನ್ನು ಮಾತಾಗಿಸುವ ‘ಧ್ವನಿ’ ಎಂಬ ತಂತ್ರಾಂಶ ಸಿಂಪ್ಯೂಟರ್‌ಗಾಗಿ ಹುಟ್ಟಿತು. ಅದು ಮುಕ್ತ ತಂತ್ರಾಂಶವಾಗಿದ್ದುದರಿಂದ ಯಂತ್ರವು ಮಾರುಕಟ್ಟೆಯಿಂದ ಮರೆಯಾದ ಮೇಲೂ ಬೇರೆಯವರ ಕೈಯಲ್ಲಿ ಬೆಳೆಯಿತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವೆಂಬುದು ನಿಜ. ಅದು ಬೆಲೆಯ ಹಾಗೂ ಮಾರುಕಟ್ಟೆಯ ಚರ್ಚೆ. ನಮಗಿಲ್ಲಿ ಬೇಕಾದ ಪಾಠ ಎರಡು. ಚಿಪ್ ಪೂರೈಸುವವರ ದಾರಿ ನಮ್ಮ ಕೈಯಲ್ಲಿಲ್ಲ, ಆದರೆ ಗ್ರಾಹಕನಿಗೂ ಚಿಪ್ಪಿಗೂ ನಡುವಿನ ಹೊಸ್ತಿಲು ನಮ್ಮ ಕೈಯಲ್ಲಿದೆ. ಮೂಲ ಬರಹ ಕೈಯಲ್ಲಿದ್ದರೆ ಮಾತ್ರ ಒಂದು ಭಾಗವು ತನ್ನ ತಯಾರಕನನ್ನು ಮೀರಿ ಬಾಳೀತು.

ಹೊರಜಗತ್ತಿನ ನಾಲ್ಕು ಘಟನೆಗಳು

2016ರ ಮಾರ್ಚ್ 22ರಂದು ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಹೆಸರಿನ ವಿವಾದವೊಂದರಿಂದ ಬೇಸತ್ತು ಸಾರ್ವಜನಿಕ ಭಂಡಾರದಿಂದ ತೆಗೆದುಬಿಟ್ಟರು. ಅದರ ಮೇಲೆ ನಿಂತಿದ್ದ ಅಸಂಖ್ಯ ತಂತ್ರಾಂಶಗಳ ಕಟ್ಟುವಿಕೆ ಜಗತ್ತಿನಾದ್ಯಂತ ನಿಂತಿತು. ಪಾಠ: ಹೊರಗಿನ ಭಂಡಾರ ನಮ್ಮ ಉಗ್ರಾಣವಲ್ಲ.

2021ರ ಫೆಬ್ರವರಿಯಲ್ಲಿ ಜೆಫ್ರಾಗ್ ಸಂಸ್ಥೆಯು ತನ್ನ ಬಿನ್‌ಟ್ರೇ ಸೇವೆಯನ್ನು ಮೇ 1ರಿಂದ ನಿಲ್ಲಿಸುವುದಾಗಿ ಪ್ರಕಟಿಸಿತು. ಆಂಡ್ರಾಯ್ಡ್ ಎಸ್‌ಡಿಕೆಗಳ ದೊಡ್ಡ ಸಂಗ್ರಹವಾಗಿದ್ದ ಜೆಸೆಂಟರ್ ಹೊಸ ಸರಕು ಸ್ವೀಕರಿಸುವುದನ್ನು ನಿಲ್ಲಿಸಿತು. ಅಲ್ಲಿ ಕಿಟ್ ಇಟ್ಟಿದ್ದವರು ಕೆಲವೇ ವಾರಗಳಲ್ಲಿ ಬೇರೆ ನೆಲೆ ಹುಡುಕಬೇಕಾಯಿತು. ಪಾಠ: ವಿತರಣೆಯ ಜಾಗವೂ ಒಂದು ಅವಲಂಬನೆ.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ದಿನಚರಿ ದಾಖಲಿಸುವ ಜಾವಾ ಲೈಬ್ರರಿಯಲ್ಲಿ ಗಂಭೀರ ದೋಷ ಬಯಲಾಯಿತು. ತೀವ್ರತೆಯ ಮಾಪನದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ. ಅದೇ ತಿಂಗಳಲ್ಲಿ 2.15, 2.16, 2.17 ಎಂದು ಒಂದರ ಹಿಂದೊಂದು ತಿದ್ದುಪಡಿ ಬಂದವು. ತಮ್ಮ ಸರಕಿನಲ್ಲಿ ಈ ಲೈಬ್ರರಿ ಇದೆಯೇ ಇಲ್ಲವೇ ಎಂಬುದೇ ಅನೇಕ ಸಂಸ್ಥೆಗಳಿಗೆ ತಿಳಿದಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗ ಪಟ್ಟಿ ಮಾಡಲು ಕುಳಿತರು. ಪಾಠ: ಪಟ್ಟಿ ಮೊದಲೇ ಸಿದ್ಧವಿರಬೇಕು.

2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಬಾಗಿಲು ಇಟ್ಟಿದ್ದುದು ಪತ್ತೆಯಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಬೆನ್ನಟ್ಟಿ ಇದನ್ನು ಹಿಡಿದರು. ಪಾಠ: ಹೊಸದೆಲ್ಲವೂ ಒಳ್ಳೆಯದಲ್ಲ.

ಕೊನೆಯ ಎರಡು ಪಾಠಗಳು ಪರಸ್ಪರ ವಿರುದ್ಧವೆಂದು ತೋರಬಹುದು. ಒಂದರಲ್ಲಿ ಹಳೆಯದನ್ನು ಇಟ್ಟುಕೊಂಡವರು ಕೆಟ್ಟರು. ಇನ್ನೊಂದರಲ್ಲಿ ಹೊಸದನ್ನು ಅವಸರದಿಂದ ತಂದವರು ಅಪಾಯಕ್ಕೆ ಸಿಲುಕಿದರು. ಆದುದರಿಂದ ‘ಬದಲಿಸಲೇಬೇಡಿ’ ಎಂಬುದೂ ‘ಬಂದ ದಿನವೇ ಬದಲಿಸಿ’ ಎಂಬುದೂ ನೀತಿಯಲ್ಲ. ನಮ್ಮ ಪಂಚಾಂಗದ ಪ್ರಕಾರ, ಪರೀಕ್ಷಿಸಿ ಬದಲಿಸುವುದು ನೀತಿ.

ಎಸ್‌ಡಿಕೆಯ ವಿಶೇಷ ಹೊಣೆ

ಸ್ವಂತ ಬಳಕೆಯ ತಂತ್ರಾಂಶಕ್ಕೂ ಎಸ್‌ಡಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸ್ವಂತ ತಂತ್ರಾಂಶದಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿ ಇರಬೇಕೆಂಬುದನ್ನು ನಾವೊಬ್ಬರೇ ತೀರ್ಮಾನಿಸುತ್ತೇವೆ. ಎಸ್‌ಡಿಕೆಯಾದರೋ ಇನ್ನೊಬ್ಬರ ಮನೆಯೊಳಗೆ ಹೋಗಿ ಕೂರುವ ಅತಿಥಿ. ಮೇಲಿನ ತೂಕದ ಯಂತ್ರದ ಕಿಟ್ ಒಂದು ಲೈಬ್ರರಿಯ 1ನೇ ಆವೃತ್ತಿಯನ್ನೇ ಬೇಡುತ್ತದೆ, ಬಿಲ್ಲಿಂಗ್ ತಂತ್ರಾಂಶ ಅದೇ ಲೈಬ್ರರಿಯ 2ನೇ ಆವೃತ್ತಿಯನ್ನು ಬಳಸುತ್ತಿದೆ ಎಂದುಕೊಳ್ಳಿ. ಅನೇಕ ಭಾಷೆಗಳಲ್ಲಿ ಎರಡೂ ಒಂದೇ ಮನೆಯಲ್ಲಿ ಇರಲಾರವು. ಆಗ ಗ್ರಾಹಕ ನಮ್ಮ ಯಂತ್ರವನ್ನು ಬಿಡಬೇಕು, ಇಲ್ಲವೇ ತನ್ನ ತಂತ್ರಾಂಶವನ್ನು ಹಿಂದಕ್ಕೆ ತಳ್ಳಬೇಕು. ಅವನು ಯಾವುದನ್ನು ಬಿಡುತ್ತಾನೆಂದು ಹೇಳಬೇಕಾಗಿಲ್ಲ.

ಇಲ್ಲಿ ಆವೃತ್ತಿಯ ಅಂಕಿಗಳನ್ನು ಓದುವ ಕ್ರಮ ತಿಳಿದಿರಬೇಕು. 2.4.7 ಎಂದಿದ್ದರೆ, ರೂಢಿಯ ಪ್ರಕಾರ ಕೊನೆಯ ಅಂಕಿ ದೋಷ ತಿದ್ದುಪಡಿಯನ್ನು, ನಡುವಿನದು ಹಳೆಯದಕ್ಕೆ ಹೊಂದುವ ಹೊಸ ಸೌಲಭ್ಯವನ್ನು, ಮೊದಲಿನದು ಹೊಂದಾಣಿಕೆ ಮುರಿಯುವ ಬದಲಾವಣೆಯನ್ನು ಸೂಚಿಸುತ್ತವೆ. ಇದು ವಾಗ್ದಾನವೇ ಹೊರತು ಕಾನೂನಲ್ಲ. ಪರೀಕ್ಷೆ ಮಾಡದೆ ನಂಬಲಾಗದು.

ಅನುಸರಿಸಬೇಕಾದ ಆರು ನಿಯಮಗಳು

1. ಕಡಿಮೆ ತನ್ನಿ. ಹನ್ನೊಂದು ಸಾಲಿನ ಕೆಲಸಕ್ಕೆ ಹೊರಗಿನ ಲೈಬ್ರರಿ ಬೇಡ. ಅದೇ ಗೂಢಲಿಪಿಯಂತಹ ಕಠಿಣ ಕೆಲಸವನ್ನು ಸ್ವತಃ ಬರೆಯಲು ಹೋಗಬೇಡಿ; ಹಲವರು ಪರೀಕ್ಷಿಸಿದ್ದನ್ನೇ ಬಳಸಿ. ಪ್ರತಿ ಹೊಸ ಲೈಬ್ರರಿಗೂ, ಹೊಸ ಪೂರೈಕೆದಾರನನ್ನು ಸೇರಿಸುವಾಗ ಇರುವಂತೆ, ಒಬ್ಬ ಜವಾಬ್ದಾರರ ಸಹಿ ಇರಲಿ.

2. ಪಟ್ಟಿ ಇಡಿ. ಹೆಸರು, ಆವೃತ್ತಿ, ಎಲ್ಲಿಂದ ತಂದದ್ದು, ಪರವಾನಗಿ, ತಂದ ದಿನಾಂಕ, ಯಾರು ನೋಡಿಕೊಳ್ಳುತ್ತಾರೆ ಎಂಬ ಆರು ಕಾಲಂಗಳು ಸಾಕು. ಪರವಾನಗಿಯ ಕಾಲಂ ಅಲಂಕಾರಕ್ಕಲ್ಲ. ಎಂಐಟಿ ಪರವಾನಗಿಯ ಸರಕಿಗೆ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕು. ಜಿಪಿಎಲ್ ಪರವಾನಗಿಯ ಸರಕನ್ನು ಸೇರಿಸಿ ವಿತರಿಸಿದರೆ ಮೂಲ ಬರಹವನ್ನೂ ಕೊಡಬೇಕಾದ ಹೊಣೆ ಬರುತ್ತದೆ. ಪಟ್ಟಿಯನ್ನು ಯಂತ್ರವೇ ಓದಬಲ್ಲ ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್ ನಮೂನೆಯಲ್ಲಿ ತಾನಾಗಿ ತಯಾರಿಸುವ ಉಚಿತ ಪರಿಕರಗಳಿವೆ.

3. ಕಟ್ಟುವಾಗ ನಿಖರವಾಗಿ ಬಿಗಿಯಿರಿ, ಕೊಡುವಾಗ ಸಡಿಲ ಬಿಡಿ. ನಮ್ಮ ಕಾರ್ಖಾನೆಯೊಳಗೆ ಕಿಟ್ ಕಟ್ಟಿ ಪರೀಕ್ಷಿಸುವಾಗ ಪ್ರತಿ ಲೈಬ್ರರಿಯ ಆವೃತ್ತಿಯೂ ನಿಶ್ಚಿತವಾಗಿ ಲಾಕ್ ಫೈಲಿನಲ್ಲಿ ದಾಖಲಾಗಿರಬೇಕು. ಗ್ರಾಹಕನಿಗೆ ಹೇಳುವಾಗ ‘2.4ರಿಂದ 3ರ ಒಳಗಿನ ಯಾವುದಾದರೂ ಆಗಬಹುದು’ ಎಂಬ ಮಿತಿ ಕೊಡಿ. ಆ ಮಿತಿಯ ಎರಡೂ ತುದಿಗಳಲ್ಲಿ ಪರೀಕ್ಷೆ ನಡೆದಿರಲಿ. ಅಷ್ಟೂ ಬಿಟ್ಟುಕೊಡಲಾಗದ ಲೈಬ್ರರಿಯನ್ನು ಹೆಸರು ಬದಲಿಸಿ ಕಿಟ್ಟಿನೊಳಗೇ ಅಡಗಿಸುವ ವಿಧಾನವಿದೆ. ಆಗ ಅದರ ದೋಷ ತಿದ್ದುವ ಹೊಣೆ ಪೂರ್ತಿ ನಮ್ಮದಾಗುತ್ತದೆಂಬ ಎಚ್ಚರವಿರಲಿ.

4. ನಕಲು ಇಡಿ. ಬಳಸಿದ ಪ್ರತಿ ಲೈಬ್ರರಿಯ, ಕಂಪೈಲರ್‌ನ, ಸ್ಥಾಪನಾ ಕಡತದ ಪ್ರತಿ ನಮ್ಮದೇ ಸರ್ವರ್‌ನಲ್ಲಿ ಹಾಗೂ ಹೊರಗೆ ಇನ್ನೊಂದು ಕಡೆ ಇರಲಿ. ಕಿಟ್‌ಗೆ ಸಹಿ ಹಾಕುವ ಗೂಢಕೀಲಿಯನ್ನು ಎಂಜಿನಿಯರರ ಲ್ಯಾಪ್‌ಟಾಪಿನಲ್ಲಿ ಬಿಡಬೇಡಿ. ಚೆಕ್ ಪುಸ್ತಕದಂತೆ ಕಾಪಾಡಿ.

5. ಹೊಸ ಯಂತ್ರದಲ್ಲಿ ಕಟ್ಟಿ ನೋಡಿ. ವರ್ಷಕ್ಕೊಮ್ಮೆ, ಏನೂ ಸ್ಥಾಪಿಸದ ಗಣಕಯಂತ್ರವೊಂದನ್ನು ತೆಗೆದುಕೊಂಡು, ಬರೆದಿಟ್ಟ ಕೈಪಿಡಿಯನ್ನಷ್ಟೇ ಅನುಸರಿಸಿ, ಕಿಟ್ ಬರೆದ ಎಂಜಿನಿಯರನ್ನು ಬಿಟ್ಟು ಬೇರೊಬ್ಬರಿಂದ ಕಟ್ಟಿಸಿ. ‘ನನ್ನ ಯಂತ್ರದಲ್ಲಿ ಸರಿಯಾಗಿದೆ’ ಎಂಬ ಮಾತಿನ ಸತ್ಯಾಸತ್ಯತೆ ಒಂದೇ ದಿನದಲ್ಲಿ ತಿಳಿಯುತ್ತದೆ. ವ್ಯಾಪಾರದ ತೂಕದ ಯಂತ್ರವನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲನೆಗೊಳಪಡಿಸಿ ಮುದ್ರೆ ಹಾಕಿಸಬೇಕೆಂಬುದು ಕಾನೂನು ಮಾಪನಶಾಸ್ತ್ರದ ನಿಯಮ. ತೂಕವನ್ನು ಬಿಲ್ಲಿಗೆ ಒಯ್ಯುವ ತಂತ್ರಾಂಶಕ್ಕೂ ಅದೇ ದಿನ ಪರೀಕ್ಷೆ ಇಟ್ಟುಕೊಂಡರೆ ನೆನಪಿಡುವುದು ಸುಲಭ.

6. ಪಂಚಾಂಗ ಬರೆಯಿರಿ. ಪ್ರತಿಯೊಂದು ಆಧಾರಕ್ಕೂ ಅಂತ್ಯದ ದಿನವಿದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ 2023ರ ಸೆಪ್ಟೆಂಬರ್ 11ರಂದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು. ಈ ದಿನಾಂಕಗಳು ವರ್ಷಗಳ ಮೊದಲೇ ಪ್ರಕಟವಾಗಿದ್ದವು. ಮೂರು ತಿಂಗಳಿಗೊಮ್ಮೆ ಸಾಮಾನ್ಯ ನವೀಕರಣ, ಗಂಭೀರ ಭದ್ರತಾ ದೋಷಕ್ಕೆ ಮಾತ್ರ ತುರ್ತು ನವೀಕರಣ ಎಂದು ಎರಡು ದಾರಿಗಳನ್ನು ಪ್ರತ್ಯೇಕವಾಗಿಡಿ. ನಮ್ಮ ಕಿಟ್ಟಿನ ಹಳೆಯ ಆವೃತ್ತಿಗೆ ಎಷ್ಟು ಕಾಲ ಬೆಂಬಲವೆಂಬುದನ್ನೂ ಗ್ರಾಹಕನಿಗೆ ಮೊದಲೇ ಲಿಖಿತವಾಗಿ ತಿಳಿಸಿ.

ಕಾನೂನಿನ ಹೊಸ ಅಗತ್ಯಗಳು

ಇದುವರೆಗೆ ಹೇಳಿದ್ದು ಒಳ್ಳೆಯ ಅಭ್ಯಾಸದ ಮಾತಾಯಿತು. ರಫ್ತುದಾರರಿಗೆ ಇದು ಕಡ್ಡಾಯವಾಗುತ್ತಿದೆ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ಬಳಕೆಯಲ್ಲಿ ದುರುಪಯೋಗವಾಗುತ್ತಿರುವ ದೋಷಗಳನ್ನು ವರದಿ ಮಾಡುವ ಹೊಣೆಗೆ 2026ರ ಸೆಪ್ಟೆಂಬರ್ 11, ಉಳಿದ ಮುಖ್ಯ ಹೊಣೆಗಳಿಗೆ 2027ರ ಡಿಸೆಂಬರ್ 11 ದಿನಾಂಕಗಳನ್ನು ಅದು ಗೊತ್ತುಪಡಿಸಿದೆ. ದೋಷ ತಿಳಿದ 24 ಗಂಟೆಗಳೊಳಗೆ ಮೊದಲ ಎಚ್ಚರಿಕೆ ಕೊಡಬೇಕು. ತಂತ್ರಾಂಶವಿರುವ ಸರಕಿನ ತಯಾರಕರು ಘಟಕಗಳ ಪಟ್ಟಿ ಇಟ್ಟಿರಬೇಕು. ಸರಕಿನ ಆಯುಸ್ಸು ಅದಕ್ಕಿಂತ ಕಡಿಮೆಯಲ್ಲದಿದ್ದರೆ ಕನಿಷ್ಠ ಐದು ವರ್ಷ ಭದ್ರತಾ ಬೆಂಬಲ ಕೊಡಬೇಕು. ಪೀಣ್ಯದಿಂದ ಜರ್ಮನಿಗೆ ಹೋಗುವ ನಿಯಂತ್ರಕಕ್ಕೂ ಇದು ಅನ್ವಯ. ಅಲ್ಲಿನ ಆಮದುದಾರರ ಮೇಲೂ ಹೊಣೆಯಿರುವುದರಿಂದ ಪಟ್ಟಿಯನ್ನು ಅವರೇ ಕೇಳುತ್ತಾರೆ.

ನಮ್ಮ ದೇಶದಲ್ಲಿಯೂ ಸರ್ಟ್‌ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದ ಮೂಲಕ, ನಿಗದಿತ ಸೈಬರ್ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ವಿಧಿಸಿತು. 2024ರ ಅಕ್ಟೋಬರ್‌ನಲ್ಲಿ ತಂತ್ರಾಂಶ ಘಟಕಗಳ ಪಟ್ಟಿಯ ಬಗ್ಗೆ ಮಾರ್ಗಸೂಚಿಯನ್ನೂ ಪ್ರಕಟಿಸಿತು. ಸರ್ಕಾರಿ ಹಾಗೂ ಸಾರ್ವಜನಿಕ ಉದ್ದಿಮೆಗಳಿಗೆ ಸರಕು ಪೂರೈಸುವ ಸದಸ್ಯರು ಟೆಂಡರ್ ಷರತ್ತುಗಳಲ್ಲಿ ಇದನ್ನು ಗಮನಿಸುವುದು ಒಳಿತು. ಕೈಯಲ್ಲಿ ಪಟ್ಟಿ ಇಲ್ಲದವರಿಗೆ ಆರು ಗಂಟೆಯೂ ಸಾಲದು, 24 ಗಂಟೆಯೂ ಸಾಲದು.

ಕೊಳ್ಳುವ ವರ್ತಕರಿಗೆ

ಎಸ್‌ಡಿಕೆಯನ್ನು ತಯಾರಿಸದೆ, ಅದನ್ನು ಬಳಸಿದ ತಂತ್ರಾಂಶವನ್ನು ಕೊಳ್ಳುವ ವರ್ತಕ ಬಂಧುಗಳು ಖರೀದಿಗೆ ಮೊದಲು ಐದು ಪ್ರಶ್ನೆ ಕೇಳಲಿ.

ಅ. ಇದರೊಳಗಿನ ಹೊರಗಿನ ಘಟಕಗಳ ಪಟ್ಟಿ ಕೊಡುವಿರಾ?
ಆ. ಯಾವ ಯಾವ ವಿಂಡೋಸ್, ಆಂಡ್ರಾಯ್ಡ್ ಆವೃತ್ತಿಗಳಲ್ಲಿ ಪರೀಕ್ಷಿಸಿದ್ದೀರಿ?
ಇ. ಬೆಂಬಲ ಎಷ್ಟು ವರ್ಷ, ಬರಹದಲ್ಲಿ ಇದೆಯೇ?
ಈ. ನಿಮ್ಮ ಸಂಸ್ಥೆ ಮುಚ್ಚಿದರೆ ಮೂಲ ಬರಹ ನಮಗೆ ಸಿಗುವ ವ್ಯವಸ್ಥೆ ಏನು?
ಉ. ನಮ್ಮ ಲೆಕ್ಕಪತ್ರದ ದತ್ತಾಂಶವನ್ನು ಯೂನಿಕೋಡ್‌ನಲ್ಲಿ, ಬೇರೆ ತಂತ್ರಾಂಶ ಓದಬಲ್ಲ ನಮೂನೆಯಲ್ಲಿ ಹೊರತೆಗೆಯಬಹುದೇ?

ಉತ್ತರ ಕೊಡಲಾರದ ಮಾರಾಟಗಾರ ಅಪ್ರಾಮಾಣಿಕನೆಂದು ಅರ್ಥವಲ್ಲ, ಅವನಿಗೂ ಗೊತ್ತಿರಲಾರದು. ಆದರೆ ಆ ಅಜ್ಞಾನದ ಬೆಲೆಯನ್ನು ತೆರುವವರು ನಾವಾಗಬಾರದು.

ಉಪಸಂಹಾರ

ಮೇಲಿನ ನಿಯಮಗಳಲ್ಲಿ ಯಾವುದೂ ಸಣ್ಣ ಉದ್ಯಮಕ್ಕೆ ಪರಕೀಯವಲ್ಲ. ಉಗ್ರಾಣದ ರಿಜಿಸ್ಟರ್, ಬ್ಯಾಚ್ ಸಂಖ್ಯೆ, ಗೇಜಿನ ಪ್ರಮಾಣಪತ್ರ, ಪರ್ಯಾಯ ಪೂರೈಕೆದಾರ, ಕಾಪು ದಾಸ್ತಾನು ಇವೆಲ್ಲವನ್ನೂ ನಾವು ಲೋಹದ ವಿಷಯದಲ್ಲಿ ದಶಕಗಳಿಂದ ಪಾಲಿಸುತ್ತಿದ್ದೇವೆ. ಕಣ್ಣಿಗೆ ಕಾಣದ ಸರಕೆಂಬ ಕಾರಣಕ್ಕೆ ತಂತ್ರಾಂಶವನ್ನು ಈ ಶಿಸ್ತಿನಿಂದ ಹೊರಗಿಟ್ಟಿದ್ದೇವೆ. ಸದಸ್ಯರು ಈ ತಿಂಗಳೇ ಅರ್ಧ ದಿನ ಮೀಸಲಿಟ್ಟು ತಮ್ಮ ಒಂದೇ ಒಂದು ಉತ್ಪನ್ನದ ಪಟ್ಟಿಯನ್ನು ತಯಾರಿಸಲಿ. ಹೆಸರು, ಆವೃತ್ತಿ, ಮೂಲ, ಪರವಾನಗಿ, ದಿನಾಂಕ, ಜವಾಬ್ದಾರರು ಎಂಬ ಆರು ಕಾಲಂಗಳಲ್ಲಿ ಎಷ್ಟು ಖಾಲಿ ಉಳಿಯುತ್ತವೆಯೋ, ಮುಂದಿನ ತಿಂಗಳ ಕೆಲಸ ಅಷ್ಟೆಂದು ತಿಳಿಯಬಹುದು.